ಯಂತ್ರಗಳ ಬಗೆಗೆ ನಮ್ಮ ಜನದ ಮಾತು: ಒಂದು ಪರಿಶೀಲನೆ

ಮನೆಯೊಳಗಿನ ಬೀಸುಕಲ್ಲಿನಿಂದ ಮೊದಲುಗೊಂಡು ಹೊಲದ ಕೂರಿಗೆಯವರೆಗೆ, ಯಂತ್ರವೆಂಬುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಒಂದೇ ಸಲಕ್ಕೆ ಮೂರು ನಾಲ್ಕು ಸಾಲುಗಳಲ್ಲಿ, ಸಮನಾದ ಅಂತರದಲ್ಲಿ, ಒಂದೇ ಆಳಕ್ಕೆ ಬೀಜವನ್ನು ಇಳಿಸುವ ಕೂರಿಗೆಯು ಅಲ್ಪವಾದ ಬುದ್ಧಿಯಿಂದ ಹುಟ್ಟಿದ ಸಾಧನವಲ್ಲ. ಇಂದು ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆಯ ಯಂತ್ರವೂ ಅದೇ ತತ್ತ್ವದ ಮೇಲೆ ನಡೆಯುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಕೂರಿಗೆಯನ್ನು ಊರ ಬಡಿಗನೇ ಮಾಡುತ್ತಿದ್ದನು. ಅದು ಎಲ್ಲಿ ಕೆಟ್ಟಿದೆಯೆಂಬುದು ಒಕ್ಕಲಿಗನ ಕಣ್ಣಿಗೆ ಕಾಣುತ್ತಿದ್ದಿತು. ಈಗಿನ ಯಂತ್ರಗಳಾದರೋ ಮುಚ್ಚಿದ ಪೆಟ್ಟಿಗೆಗಳು. ಒಳಗಿನ ವ್ಯಾಪಾರ ಕಾಣದಿರುವಲ್ಲಿ ಅರಿವಿನ ಸ್ಥಾನವನ್ನು ಅಭಿಪ್ರಾಯವು ಆಕ್ರಮಿಸಿಕೊಳ್ಳುವುದು ಸಹಜ.

ಕೊಪ್ಪಳದ ಬಸ್ ನಿಲ್ದಾಣದಲ್ಲಿ, ಕುಷ್ಟಗಿಯ ಸಂತೆಯಲ್ಲಿ, ಗಂಗಾವತಿಯ ಚಹದ ಅಂಗಡಿಗಳಲ್ಲಿ, ಯಲಬುರ್ಗಾದ ಕಡೆಗೆ ಹೊರಟ ಟಂಟಂ ಗಾಡಿಗಳಲ್ಲಿ ಇಂಥ ಅಭಿಪ್ರಾಯಗಳು ದಿನವೂ ಕಿವಿಗೆ ಬೀಳುತ್ತವೆ. ವಿದ್ಯಾವಂತರು ಅವುಗಳನ್ನು ಕೇಳಿ ನಕ್ಕು ಬಿಡುವುದುಂಟು. ಅದು ಸರಿಯಲ್ಲ. ಜನದ ಮಾತಿನಲ್ಲಿ ತಪ್ಪಿದ್ದರೂ ಆ ತಪ್ಪಿನ ಹಿಂದೆ ಒಂದು ಅನುಭವವಿರುತ್ತದೆ. ಅನುಭವವು ನಿಜವಾಗಿದ್ದು ಅದಕ್ಕೆ ಹಚ್ಚಿದ ಕಾರಣ ಮಾತ್ರ ತಪ್ಪಾಗಿರುವ ಸಂಭವವೇ ಹೆಚ್ಚು. ಅಂಥ ಐದು ಮಾತುಗಳನ್ನು ತೆಗೆದುಕೊಂಡು, ಪ್ರತಿಯೊಂದರಲ್ಲಿ ಕಾಳೆಷ್ಟು ಹೊಟ್ಟೆಷ್ಟು ಎಂಬುದನ್ನು ತೂರಿ ನೋಡುವುದೇ ಈ ಲೇಖನದ ಉದ್ದೇಶ.

1. “ಮಷಿನ್ ಬಂತು, ದುಡಿಮಿ ಹೋತು”

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡ ಮೇಲೆ ಎಡದಂಡೆಯ ಕಾಲುವೆಯು ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿಗಳ ಕಡೆಗೆ ಹರಿಯಿತು. ಜೋಳ, ಸಜ್ಜೆ ಬೆಳೆಯುತ್ತಿದ್ದ ನೆಲವು ಬತ್ತದ ಗದ್ದೆಯಾಯಿತು. ಅಕ್ಕಿಯ ಗಿರಣಿಗಳು ಎದ್ದವು. ನೀರು ಕಾಣದ ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಎಷ್ಟೋ ಕುಟುಂಬಗಳಿಗೆ ನಾಟಿ ಮತ್ತು ಕೊಯ್ಲಿನ ಕಾಲದಲ್ಲಿ ಈ ನೀರಾವರಿ ಸೀಮೆಯೇ ಗುಳೆಯ ಊರಾಯಿತು. ಅಂದರೆ ಒಂದು ಯಂತ್ರವ್ಯವಸ್ಥೆಯು ದುಡಿಮೆಯನ್ನು ಹುಟ್ಟಿಸಿದ್ದನ್ನು ನಮ್ಮ ಜಿಲ್ಲೆಯೇ ಕಂಡಿದೆ.

ಅದೇ ಗದ್ದೆಗೆ ಅನಂತರ ಕೊಯ್ಲಿನ ಯಂತ್ರವು ಬಂದಿತು. ಹತ್ತಾರು ಆಳುಗಳು ಕೊಯ್ದು, ಕಟ್ಟಿ, ಹೊತ್ತು, ಬಡಿದು ಹಲವು ದಿನ ಮಾಡುತ್ತಿದ್ದ ಕೆಲಸವನ್ನು ಅದು ಎಕರೆಗೆ ಗಂಟೆಯ ಲೆಕ್ಕದಲ್ಲಿ ಮುಗಿಸುತ್ತದೆ. ಕೆಸರಿನಲ್ಲಿ ಹೂಳದಂತೆ ಗಾಲಿಯ ಬದಲು ಚೈನಿನ ಮೇಲೆ ಓಡುವ ಯಂತ್ರಗಳೂ ಇವೆ. ಮೋಡ ಕವಿದ ದಿನ ನೆಲಕ್ಕೊರಗುವ ಬೆಳೆಯನ್ನು ಉಳಿಸಿಕೊಳ್ಳಲು ರೈತನಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ. ಆದರೆ ಕೊಯ್ಲಿನ ಕೂಲಿಯನ್ನು ನಂಬಿ ಬರುತ್ತಿದ್ದ ಕುಟುಂಬಕ್ಕೆ ಆ ದಿನಗಳ ಅನ್ನವು ಹೋಯಿತೆಂಬುದೂ ಅಷ್ಟೇ ಸತ್ಯ. ಯಂತ್ರವು ತುಳಿದು ಬಿಟ್ಟ ಹುಲ್ಲು ಕೈಕೊಯ್ಲಿನ ಹುಲ್ಲಿನಂತೆ ಬಣವೆಗೆ ಒದಗುವುದಿಲ್ಲವೆಂದು ದನವಿದ್ದವರು ಹೇಳುವುದರಲ್ಲಿಯೂ ಹುರುಳಿದೆ.

ಹೀಗಿರಲು “ದುಡಿಮಿ ಹೋತು” ಎಂಬ ಮಾತನ್ನು ತಿದ್ದಿ ಹೇಳಬೇಕಾದರೆ ಹೀಗೆ ಹೇಳಬಹುದು: ಯಂತ್ರದಿಂದ ದುಡಿಮೆ ಒಂದೆಡೆ ಹೋಗುತ್ತದೆ, ಇನ್ನೊಂದೆಡೆ ಹುಟ್ಟುತ್ತದೆ, ಆದರೆ ಕಳೆದುಕೊಂಡವನಿಗೇ ಅದು ಮರಳಿ ಸಿಕ್ಕುತ್ತದೆಂಬ ಭರವಸೆಯಿಲ್ಲ. ಕುಡುಗೋಲು ಹಿಡಿದಿದ್ದ ತಾಯಿಯು ಕೊಯ್ಲಿನ ಯಂತ್ರದ ಚಾಲಕಿಯಾಗುವುದಿಲ್ಲ. ಆದರೆ ಆಕೆಯ ಮಗನೋ ಮಗಳೋ ಅದರ ದುರಸ್ತಿಯನ್ನು ಕಲಿಯಬಹುದು. 1980ರ ದಶಕದಲ್ಲಿ ಗಣಕಯಂತ್ರದ ವಿರುದ್ಧ ದನಿಯೆತ್ತಿದ ಬ್ಯಾಂಕ್ ನೌಕರರಿಗೆ ಮಾತನಾಡಲು ಸಂಘಟನೆಯಿದ್ದಿತು, ಯಂತ್ರೀಕರಣದ ಬಗೆಗೆ ಒಪ್ಪಂದಗಳಾದವು. ಗುಳೆಯ ಕೂಲಿಯವರೊಡನೆ ಯಾರೂ ಒಪ್ಪಂದ ಮಾಡಿಕೊಳ್ಳಲಿಲ್ಲ. ಆ ಅಂತರವನ್ನು ಸ್ವಲ್ಪಮಟ್ಟಿಗಾದರೂ ತುಂಬಬಲ್ಲುದು ಅವರ ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆ ಮತ್ತು ಉಚಿತ ವಸತಿನಿಲಯ.

2. “ಗಾಳಿ ಫ್ಯಾನ್ ಮೋಡ ಓಡಸ್ತಾವ”

ಯಲಬುರ್ಗಾ, ಕುಕನೂರು, ಕುಷ್ಟಗಿಗಳ ಎರೆ ಹೊಲಗಳಲ್ಲಿ ಈಗ ಗಾಳಿಯಿಂದ ವಿದ್ಯುತ್ ತೆಗೆಯುವ ಕಂಬಗಳು ದಿಗಂತದವರೆಗೂ ನಿಂತಿವೆ. ಮಳೆ ತಡವಾದ ವರುಷ ಹೊಲದ ಬದುವಿನಲ್ಲಿ ಕುಳಿತವರು ಅವುಗಳತ್ತ ಕೈಮಾಡಿ, ಮೋಡಗಳನ್ನು ಓಡಿಸುವವು ಇವೇ ಎನ್ನುತ್ತಾರೆ. ತಿರುಗುವ ರೆಕ್ಕೆಯನ್ನೂ ಅದರ ಮೇಲೆ ಓಡುವ ಮೋಡವನ್ನೂ ಒಂದೇ ನೋಟದಲ್ಲಿ ಕಂಡವರಿಗೆ ಹೀಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಅಳತೆಯನ್ನು ಗಮನಿಸಬೇಕು. ದೊಡ್ಡ ಕಂಬವೊಂದರ ಎತ್ತರ, ರೆಕ್ಕೆಯ ತುದಿ ಸೇರಿಸಿ, ಸುಮಾರು 150ರಿಂದ 200 ಮೀಟರು. ಮಳೆಮೋಡದ ತಳವೇ ಸಾಮಾನ್ಯವಾಗಿ ಅರ್ಧ ಕಿಲೋಮೀಟರಿಗಿಂತ ಮೇಲಿರುತ್ತದೆ. ಅದರ ನೆತ್ತಿಯು ಹಲವು ಕಿಲೋಮೀಟರು ಮೇಲಕ್ಕೆ ಚಾಚಿರುತ್ತದೆ. ಅಷ್ಟೇ ಅಲ್ಲದೆ ಗಾಳಿಯಂತ್ರವು ಮನೆಯ ಬೀಸಣಿಗೆಯಂತೆ ಗಾಳಿಯನ್ನು ಬೀಸುವುದಿಲ್ಲ. ಬೀಸಣಿಗೆಯು ವಿದ್ಯುತ್ತನ್ನು ಉಂಡು ಗಾಳಿಯನ್ನು ಕೊಡುತ್ತದೆ. ಇದು ಗಾಳಿಯ ವೇಗದ ಒಂದಂಶವನ್ನು ಉಂಡು ವಿದ್ಯುತ್ತನ್ನು ಕೊಡುತ್ತದೆ. ‘ಫ್ಯಾನ್’ ಎಂಬ ಹೆಸರೇ ಇಲ್ಲಿ ನಮ್ಮನ್ನು ದಾರಿ ತಪ್ಪಿಸಿದೆ.

ಹಾಗಾದರೆ ಜನ ಕಂಡದ್ದು ಸುಳ್ಳೇ? ಅಲ್ಲ. ನಮ್ಮ ಸೀಮೆಯು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿಯು ತನ್ನ ನೀರಿನ ಬಹುಭಾಗವನ್ನು ಘಟ್ಟದ ಆಚೆಗೇ ಸುರಿಸಿ, ಹಗುರಾಗಿ, ಬಿರುಸಾಗಿ ನಮ್ಮ ಬಯಲಿಗೆ ಬರುತ್ತದೆ. ಆಷಾಢದಲ್ಲಿ ಗಾಳಿ ಭೋರೆಂದು ಬೀಸಿ ಮೋಡಗಳು ಹನಿಯುದುರಿಸದೆ ಓಡುವುದನ್ನು ನಮ್ಮ ಅಜ್ಜಂದಿರೂ ಕಂಡಿದ್ದರು. ರೆಕ್ಕೆಗಳು ಅತಿ ವೇಗದಿಂದ ತಿರುಗುವುದೂ ಅದೇ ದಿನಗಳಲ್ಲಿ. ಗಾಳಿ ಬಲವಾಗಿದೆಯೆಂದೇ ಕಂಬಗಳನ್ನು ಇಲ್ಲಿ ನೆಟ್ಟಿದ್ದಾರೆ. ಕಂಬಗಳನ್ನು ನೆಟ್ಟಿದ್ದರಿಂದ ಆ ಗಾಳಿ ಹುಟ್ಟಲಿಲ್ಲ. ವರುಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಈ ನೆಲಕ್ಕೆ ಬರವು ಹಳೆಯ ನೆಂಟ. 1876-78ರ ಮಹಾಕ್ಷಾಮವು ದಖ್ಖನಿನ ಊರುಗಳನ್ನು ಬರಿದು ಮಾಡಿದಾಗ ಇಲ್ಲಿ ಒಂದು ಗಾಳಿಯಂತ್ರವೂ ಇರಲಿಲ್ಲ.

ಯಂತ್ರಗಳ ಸಮೀಪದಲ್ಲಿ ರಾತ್ರಿಯ ವೇಳೆ ನೆಲದ ಉಷ್ಣತೆಯಲ್ಲಿ ಅಲ್ಪ ವ್ಯತ್ಯಾಸವಾಗುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಮೋಡ ಚದರಿಸುವ ಶಕ್ತಿ ಅವುಗಳಿಗಿಲ್ಲ. ರೈತನು ಕೇಳಬೇಕಾದ ನಿಜವಾದ ಪ್ರಶ್ನೆಗಳು ಬೇರೆ. ಹೊಲ ಕೊಡುವ ಕರಾರು ಎಷ್ಟು ವರುಷದ್ದು? ದಾರಿಗಾಗಿ ಹೋಗುವ ನೆಲಕ್ಕೆ ಪರಿಹಾರವೇನು? ಕಂಬದ ಆಯುಷ್ಯ ತೀರಿದ ಮೇಲೆ ಅದರ ಬುನಾದಿಯನ್ನು ಕಿತ್ತು ಹೊಲವನ್ನು ಮೊದಲಿನಂತೆ ಮಾಡಿಕೊಡುವವರು ಯಾರು? ಮೋಡದ ಮೇಲಿನ ಸಿಟ್ಟಿನಲ್ಲಿ ಈ ಪ್ರಶ್ನೆಗಳು ಮರೆತುಹೋಗಬಾರದು.

3. “ಇಳಿಜಾರಿನಾಗ ನ್ಯೂಟ್ರಲ್ ಮಾಡ್ರಿ, ಎಣ್ಣಿ ಉಳಿತೈತಿ”

ವಾಹನ ಕೊಳ್ಳುವವರು ನಮ್ಮಲ್ಲಿ ಮೊದಲು ಕೇಳುವ ಮಾತು ‘ಮೈಲೇಜ್ ಎಷ್ಟು?’ ಎಂಬುದು. ಕಷ್ಟಪಟ್ಟು ದುಡಿದ ಹಣದ ಬೆಲೆಯನ್ನು ಅರಿತವರ ಪ್ರಶ್ನೆ ಅದು. ಆ ಮಿತವ್ಯಯದ ಬುದ್ಧಿಯಿಂದಲೇ ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ ಮಾಡುವ, ಕೆಲವೊಮ್ಮೆ ಬೀಗದ ಕೈಯನ್ನೇ ತಿರುವಿ ಎಂಜಿನ್ ಆರಿಸುವ ರೂಢಿಯೂ ಬಂದಿದೆ.

ಹಿಂದಿನ ಕಾರ್ಬ್ಯುರೇಟರ್ ಎಂಜಿನ್ನುಗಳಲ್ಲಿ ಈ ಉಪಾಯಕ್ಕೆ ಸ್ವಲ್ಪ ಆಧಾರವಿದ್ದಿತು. ಗಾಳಿಯ ಸೆಳೆತಕ್ಕೆ ತಾನಾಗಿ ಎಣ್ಣೆಯನ್ನು ಬಿಡುವ ಸಾಧನ ಅದು. ಗೇರಿನಲ್ಲಿ ಇಳಿಯುವಾಗ ಎಂಜಿನ್ ವೇಗವಾಗಿ ತಿರುಗಿ ಒಂದಿಷ್ಟು ಎಣ್ಣೆಯನ್ನು ಹೀರುತ್ತಲೇ ಇರುತ್ತಿದ್ದಿತು. ಈಗಿನ ಎಂಜಿನ್ನುಗಳಲ್ಲಿ ಎಣ್ಣೆಯನ್ನು ಅಳೆದು ಚಿಮುಕಿಸುವುದು ಒಂದು ಚಿಕ್ಕ ಗಣಕ. 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ನಿಯಮ ಬಂದ ಮೇಲೆ ದ್ವಿಚಕ್ರ ವಾಹನಗಳಲ್ಲಿಯೂ ಇದೇ ಪದ್ಧತಿ ಹಬ್ಬಿದೆ. ಗೇರಿನಲ್ಲಿ ಇಳಿಯುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ, ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತಿವೆಯೆಂದು ತಿಳಿದು ಅದು ಎಣ್ಣೆಯನ್ನು ಸಾಮಾನ್ಯವಾಗಿ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೋ ಎಂಜಿನ್ ಆರದಂತೆ ಕಾಯಲು ಮತ್ತೆ ಎಣ್ಣೆ ಕೊಡಬೇಕಾಗುತ್ತದೆ. ಅಂದರೆ ಉಳಿಸಲು ಹೋದವನು ಖರ್ಚು ಮಾಡಿಕೊಳ್ಳುತ್ತಾನೆ.

ಖರ್ಚಿನ ಮಾತು ಹಾಗಿರಲಿ. ಗೇರಿನಲ್ಲಿರುವ ಎಂಜಿನ್ ಇಳಿಯುವ ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತದೆ. ನ್ಯೂಟ್ರಲ್‌ನಲ್ಲಿ ಆ ಹಿಡಿತವಿಲ್ಲದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಕಾರಿನ ಎಂಜಿನ್ನನ್ನು ಆರಿಸಿದರೆ ಬ್ರೇಕಿಗೆ ನೆರವಾಗುವ ಒತ್ತಡವೂ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿದು, ಪೆಡಲು ಕಲ್ಲಿನಂತಾಗುತ್ತದೆ. ಜಾತ್ರೆಗೆಂದು ಮಕ್ಕಳು ಮರಿಗಳನ್ನು ತುಂಬಿಕೊಂಡು ಹೊರಟ ಗಾಡಿಯಲ್ಲಿ ಇದರ ಪರಿಣಾಮವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆನ್ನೆಯ ಯಂತ್ರದ ವಿಷಯದಲ್ಲಿ ನಿಜವಾಗಿದ್ದ ಮಾತು ಇಂದಿನ ಯಂತ್ರಕ್ಕೆ ಸುಳ್ಳಾಗಬಹುದೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

4. “ಕಂಪ್ಯೂಟರ್ ತಪ್ಪು ಮಾಡಂಗಿಲ್ಲ”

ಇದು ಎಲ್ಲಕ್ಕಿಂತ ಹೆಚ್ಚು ಪ್ರಚಾರದಲ್ಲಿರುವ ಮತ್ತು ಎಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾದ ಅಭಿಪ್ರಾಯ. ಆದುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮೊದಲು ಗಣಕದಿಂದಾದ ಉಪಕಾರವನ್ನು ಸ್ಮರಿಸುವುದು ನ್ಯಾಯ. ಕೈಬರಹದ ಪಹಣಿಗಾಗಿ ರೈತನು ಒಬ್ಬ ಅಧಿಕಾರಿಯ ಮನೆಬಾಗಿಲು ಕಾಯಬೇಕಾಗಿದ್ದ ಕಾಲವಿತ್ತು; ದಫ್ತರವು ಅವರ ಕಪಾಟಿನಲ್ಲಿರುತ್ತಿದ್ದಿತು. 2001ರ ಹೊತ್ತಿಗೆ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪ್ರತಿಯನ್ನು ಕೊಡಲು ಪ್ರಾರಂಭಿಸಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕೆಂಬ ಕಟ್ಟಳೆಯನ್ನು ಗಣಕದೊಳಗೇ ಅಳವಡಿಸಲಾಯಿತು. ವಶೀಲಿ ಇದ್ದವನ ಅರ್ಜಿಯನ್ನು ಮೇಲಿಡುವುದು ಅದರಿಂದ ಕಠಿಣವಾಯಿತು. ಇದು ಚಿಕ್ಕ ಸುಧಾರಣೆಯಲ್ಲ.

ಅಂತೆಯೇ ‘ಗಣಕಕ್ಕೆ ಕನ್ನಡ ಬಾರದು’ ಎಂಬ ಮಾತೂ ಹಳೆಯದಾಯಿತು. ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರಿಂದ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ನಮ್ಮ ಭಾಷೆ ಗಣಕದಲ್ಲಿ ನೆಲೆಗೊಂಡಿತು. ಇಂದು ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಜಗತ್ತೆಲ್ಲ ಒಪ್ಪಿದ ಒಂದು ಸಂಖ್ಯೆಯಿದೆ. ಹಿಂದಿನ ಕಡತಗಳಲ್ಲಿ ಈ ಏರ್ಪಾಡಿಲ್ಲದೆ ಇಂಗ್ಲಿಷ್ ಅಕ್ಷರದ ಸಂಖ್ಯೆಗೆ ಕನ್ನಡದ ಆಕಾರವನ್ನು ತೊಡಿಸುತ್ತಿದ್ದುದರಿಂದ, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅವು ಅರ್ಥವಿಲ್ಲದ ಗೀಚುಗಳಂತೆ ಕಾಣುತ್ತವೆ. ಶಾಲೆಗಳ ಹಳೆಯ ಸಂಚಿಕೆಗಳನ್ನು ಯೂನಿಕೋಡಿಗೆ ಪರಿವರ್ತಿಸಿಡುವುದು ಈಗಲೇ ಆಗಬೇಕಾದ ಕೆಲಸ.

ಇನ್ನು ತಪ್ಪಿನ ವಿಚಾರ. ಗಣಕವು ಕೂಡುವುದರಲ್ಲಿ ಕಳೆಯುವುದರಲ್ಲಿ ತಪ್ಪುವುದು ಅತಿ ವಿರಳ. ಆದರೆ ಅದಕ್ಕೆ ಊಡಿಸಿದ್ದು ತಪ್ಪಾದರೆ, ಆ ತಪ್ಪನ್ನೇ ಸಾವಿರ ಸಲ ಒಂದಕ್ಷರವೂ ಬಿಡದಂತೆ ಒಪ್ಪಿಸುತ್ತದೆ. ಕೈಬರಹದ ಪಹಣಿಯಲ್ಲಿ ಒಬ್ಬರ ಹೆಸರು ಬಿಟ್ಟುಹೋಗಿದ್ದರೆ ಗಣಕದ ಪಹಣಿಯಲ್ಲಿಯೂ ಅದು ಬಿಟ್ಟೇಹೋಗಿರುತ್ತದೆ. ಆದರೆ ಮೊದಲು ಅದು ಒಬ್ಬ ಮನುಷ್ಯನ ತಪ್ಪಾಗಿ ಕಾಣುತ್ತಿದ್ದಿತು. ಅಚ್ಚಾಗಿ ಹೊರಬಂದೊಡನೆ ಸತ್ಯದಂತೆ ಕಾಣುತ್ತದೆ. 2022ರ ಕೊನೆಯಿಂದ ಜನಪ್ರಿಯವಾದ ಕೃತಕ ಬುದ್ಧಿಮತ್ತೆಯ ಸಾಧನಗಳಿಗಂತೂ ಈ ಎಚ್ಚರಿಕೆ ಇಮ್ಮಡಿಯಾಗಿ ಸಲ್ಲುತ್ತದೆ. ಅವು ಓದಿದ ಅಪಾರ ಬರಹದ ಆಧಾರದಿಂದ ಮುಂದೆ ಯಾವ ಪದ ಬರಬಹುದೆಂದು ಊಹಿಸುತ್ತ ವಾಕ್ಯ ಕಟ್ಟುತ್ತವೆ. ವಾಕ್ಯವು ನಯವಾಗಿದೆಯೆಂಬುದು ವಿಷಯವು ದಿಟವೆಂಬುದಕ್ಕೆ ಸಾಕ್ಷಿಯಲ್ಲ.

ಈ ಸಂದರ್ಭದಲ್ಲಿ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಹೇಳಬೇಕು. ಕೆಲವು ವರುಷಗಳ ಹಿಂದೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿಯನ್ನು ಪಡಿತರ ಕೊಡುವಲ್ಲಿ ಕಂಡೆನು. ಹರೆಯದಿಂದ ಬತ್ತದ ನಾಟಿ ಮಾಡಿ, ಹತ್ತಿ ಬಿಡಿಸಿ, ಕಳೆ ತೆಗೆದು ಆ ತಾಯಿಯ ಬೆರಳ ಗೆರೆಗಳು ಸವೆದುಹೋಗಿದ್ದವು. ಯಂತ್ರದ ಗಾಜಿನ ಮೇಲೆ ನಾಲ್ಕು ಸಲ ಹೆಬ್ಬಟ್ಟನ್ನೊತ್ತಿದರೂ ಅದು ಒಪ್ಪಲಿಲ್ಲ. “ಯವ್ವಾ, ಮಷಿನ್ ತಗೊಳ್ಳವಲ್ದು, ನಾಳಿ ಬಾ” ಎಂದರು. ಅದು ಆಕೆಯ ಮೂರನೆಯ ‘ನಾಳೆ’. ನನ್ನನ್ನು ಕಂಡು ಕೈಯನ್ನು ಮುಂದೆ ಚಾಚಿ, “ನನ್ನ ಕೈ ನಂದಲ್ಲಂತ ಅಂತೈತ್ರಿ ಸರ ಇದು” ಎಂದರು. ನಾನು ಸುಮ್ಮನೆ ನಿಂತೆನು. ದುಡಿದು ಸವೆದ ಕೈಗೇ ದುಡಿದವಳೆಂಬ ಗುರುತು ಸಿಕ್ಕಲಿಲ್ಲ.

ಇಲ್ಲಿ ನಡೆದದ್ದೇನು? ಬೆರಳಚ್ಚಿನ ಯಂತ್ರವು ಮನುಷ್ಯರನ್ನು ಗುರುತಿಸುವುದಿಲ್ಲ. ಚರ್ಮದ ಏರುತಗ್ಗುಗಳ ಚಿತ್ರವನ್ನು ಮೊದಲೇ ಇಟ್ಟಿರುವ ಚಿತ್ರದೊಡನೆ ಹೋಲಿಸುತ್ತದೆ. ಏರುತಗ್ಗು ಸವೆದಿದ್ದರೆ, ಬೆರಳು ಒಣಗಿದ್ದರೆ, ಗಾಜು ಕೊಳೆಯಾಗಿದ್ದರೆ ಹೋಲಿಕೆ ತಪ್ಪುತ್ತದೆ. ಇಂಥ ಸಂದರ್ಭಗಳಿಗೆಂದೇ ಮೊಬೈಲಿಗೆ ಬರುವ ಒ.ಟಿ.ಪಿ., ಕಣ್ಣಿನ ಪಾಪೆಯ ಗುರುತು ಮೊದಲಾದ ಬದಲಿ ದಾರಿಗಳನ್ನು ಕಲ್ಪಿಸಲಾಗಿದೆ. ಆ ದಿನ ಆ ತಾಯಿಗೆ ಧಾನ್ಯ ದೊರೆತದ್ದೂ ಒ.ಟಿ.ಪಿ.ಯಿಂದಲೇ, ಮಗನ ಮೊಬೈಲಿಗೆ ಬಂದ ಆರು ಅಂಕಿಗಳನ್ನು ಫೋನಿನಲ್ಲಿ ಕೇಳಿಕೊಂಡು ಹೇಳಿದೆವು. ದಾರಿ ಮೊದಲಿನಿಂದಲೂ ಇದ್ದಿತು. ‘ಮಷಿನ್ ತಪ್ಪು ಮಾಡುವುದಿಲ್ಲ’ ಎಂಬ ನಂಬಿಕೆಯಿಂದ ಅದನ್ನು ಯಾರೂ ಹುಡುಕಿರಲಿಲ್ಲ. ‘ಹೆಬ್ಬಟ್ಟಿನವರು’ ಎಂದು ಅಕ್ಷರ ಬಾರದವರನ್ನು ನಾವು ಹಗುರವಾಗಿ ಕಾಣುತ್ತಿದ್ದ ಕಾಲವಿತ್ತು. ಇಂದು ಪದವೀಧರರೂ ಹೆಬ್ಬಟ್ಟನ್ನೇ ಒತ್ತುತ್ತಾರೆ. ಆದರೆ ಅದು ಒಪ್ಪಿತವಾಗದಿದ್ದಾಗ ಏನು ಕೇಳಬೇಕೆಂಬುದು ಪದವೀಧರನಿಗೆ ಗೊತ್ತು, ಆ ತಾಯಿಗೆ ಗೊತ್ತಿರಲಿಲ್ಲ.

5. “ಹಳೇದು ಗಟ್ಟಿ, ಅದಕ್ಕೇನೂ ಆಗಂಗಿಲ್ಲ”

ಹೊಸದನ್ನು ಶಂಕಿಸುವ ನಾವು ಹಳೆಯದನ್ನು ಅತಿಯಾಗಿ ನಂಬುತ್ತೇವೆ. ಇದರ ಪಾಠ ನಮಗೆ ಮನೆಬಾಗಿಲಿನಲ್ಲಿಯೇ ಆಯಿತು. 2024ರ ಆಗಸ್ಟ್ 10ರ ರಾತ್ರಿ, ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 33 ತೂಬುಬಾಗಿಲುಗಳಲ್ಲಿ 19ನೆಯದರ ಸರಪಳಿ ಕಡಿದು, ಬಾಗಿಲೇ ಕೊಚ್ಚಿಹೋಯಿತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗಿತು.

ಅಣೆಕಟ್ಟಿನ ಕಲ್ಲುಕಟ್ಟಡವು ಅಲುಗಲಿಲ್ಲ. ಅದರ ಕಾರಣವನ್ನು ತಿಳಿದುಕೊಳ್ಳಬೇಕು. ಕಲ್ಲು ಭಾರವನ್ನು ಹೊರುವುದು ಅದುಮಿಸಿಕೊಂಡು. ಅದು ಶತಮಾನಗಳ ಕಾಲ ಬಾಳಬಲ್ಲುದು. ಬಾಗಿಲನ್ನು ಎತ್ತಿ ಹಿಡಿಯುವ ಸರಪಳಿಯು ಸದಾ ಜಗ್ಗಿಸಿಕೊಂಡಿರುತ್ತದೆ. ತೇವದಲ್ಲಿ ತುಕ್ಕು ಹಿಡಿಯುತ್ತದೆ, ಎಳೆದು ಬಿಟ್ಟು ಎಳೆದು ಬಿಟ್ಟು ದಣಿಯುತ್ತದೆ. ಒಂದೇ ಕಟ್ಟಡದಲ್ಲಿದ್ದರೂ ಎರಡರ ಆಯುಷ್ಯ ಒಂದೇ ಅಲ್ಲ. ಸರಪಳಿಯ ಬಲವು ಅದರ ಅತ್ಯಂತ ದುರ್ಬಲವಾದ ಕೊಂಡಿಯಷ್ಟೇ.

ತೂಬುಬಾಗಿಲುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುತ್ತಿರುವ ನೀರಿನ ನಡುವೆಯೇ ತಾತ್ಕಾಲಿಕ ಬಾಗಿಲನ್ನು ತುಂಡುತುಂಡಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಕಿಂಡಿಯನ್ನು ಮುಚ್ಚಲಾಯಿತು. ಅನಂತರ ಸುರಿದ ಮಳೆಯಿಂದ ಜಲಾಶಯವು ಮತ್ತೆ ತುಂಬಿತು. ಆದರೂ ಉಳಿದ ಬಾಗಿಲುಗಳ ಮೇಲೆ ಹಿಂದಿನ ಭರವಸೆ ಉಳಿಯಲಿಲ್ಲ; ಸುಮಾರು 105 ಟಿ.ಎಂ.ಸಿ. ಹಿಡಿಯುವ ಜಲಾಶಯದಲ್ಲಿ 2025ರ ಮಳೆಗಾಲದಲ್ಲಿ ಸುಮಾರು 80 ಟಿ.ಎಂ.ಸಿ.ಗೆ ಸಂಗ್ರಹವನ್ನು ಮಿತಿಗೊಳಿಸಬೇಕಾಯಿತು. ಒಂದು ಕೊಂಡಿಯ ಸವೆತಕ್ಕೆ ಗಂಗಾವತಿಯ ಎರಡನೆಯ ಬೆಳೆಯೇ ಉತ್ತರ ಹೇಳಬೇಕಾಗಿ ಬಂದಿತು. ಯಂತ್ರವನ್ನು ತರುವವರಿಗೆ ಹಾರ ಹಾಕುವ ನಾವು, ಅದಕ್ಕೆ ವರುಷ ವರುಷವೂ ಎಣ್ಣೆ ಹಾಕುವವನ ಹೆಸರನ್ನೂ ಕೇಳುವುದಿಲ್ಲ. ನಿಜವಾಗಿ ನೋಡಿದರೆ ಎರಡನೆಯವನ ಕಾಯಕವೇ ದೊಡ್ಡದು.

ಉಪಸಂಹಾರ

ಈ ಐದು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಂತ್ರವನ್ನು ಹಳಿಯುವವನೂ ಹೊಗಳುವವನೂ ಸಾಮಾನ್ಯವಾಗಿ ಅದರ ಒಳಗನ್ನು ನೋಡಿರುವುದಿಲ್ಲ. ಆದುದರಿಂದ ಹೊಸ ಯಂತ್ರವೊಂದು ಊರಿಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳುವ ರೂಢಿಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಸಬೇಕು. ಇದು ಹೇಗೆ ನಡೆಯುತ್ತದೆ? ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ? ಇದು ಕೆಟ್ಟ ದಿನ ನಮ್ಮ ದಾರಿ ಯಾವುದು?

ಯಂತ್ರವೂ ಜನವೂ ಕೂಡಿ ದುಡಿದರೆ ಏನಾಗಬಲ್ಲುದೆಂಬುದಕ್ಕೂ ನಮ್ಮಲ್ಲಿಯೇ ಉದಾಹರಣೆಯಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳ ಮುಂದಾಳುತನದಲ್ಲಿ, ಹೂಳು ಮತ್ತು ಜಾಲಿಯಿಂದ ಮುಚ್ಚಿಹೋಗಿದ್ದ ಹಿರೇಹಳ್ಳವನ್ನು 20 ಕಿಲೋಮೀಟರಿಗೂ ಮಿಕ್ಕು ಸ್ವಚ್ಛಗೊಳಿಸಲಾಯಿತು. ಅಲ್ಲಿ ಮಣ್ಣು ಅಗೆಯುವ ದೈತ್ಯ ಯಂತ್ರಗಳೂ ಇದ್ದವು, ಬುಟ್ಟಿ ಹೊತ್ತ ಕೈಗಳೂ ಇದ್ದವು. ಯಂತ್ರವು ಎಲ್ಲಿ ಅಗೆಯಬೇಕೆಂಬುದನ್ನು ನಿರ್ಣಯಿಸಿದ್ದು ಮಾತ್ರ ಊರಿನ ಹಿತ.

ದಾನಿಗಳು ಶಾಲೆಗಳಿಗೆ ಗಣಕಯಂತ್ರಗಳನ್ನು ಕೊಡುವುದು ಸಂತೋಷದ ಸಂಗತಿ. ಅದರೊಂದಿಗೆ ಅವುಗಳ ದುರಸ್ತಿಗೂ, ಅವನ್ನು ಬಿಚ್ಚಿ ತೋರಿಸಿ ಕಲಿಸುವ ಉಪಾಧ್ಯಾಯರಿಗೂ ಒಂದು ಪಾಲನ್ನು ತೆಗೆದಿರಿಸಿದರೆ ಆ ದಾನ ಬಾಳುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರರಾದವರು, ಗ್ಯಾರೇಜು ನಡೆಸುವವರು, ಕಾಲುವೆಯ ಲಸ್ಕರರಾದವರು ವರುಷಕ್ಕೊಂದು ದಿನ ಬಂದು ತಮ್ಮ ಯಂತ್ರದ ಮುಚ್ಚಳವನ್ನು ಮಕ್ಕಳೆದುರು ತೆರೆಯಲಿ. ಸವೆದ ಬೆರಳಿನ ತಾಯಿಯೊಬ್ಬರು ಯಂತ್ರದ ಮುಂದೆ ನಿರುತ್ತರರಾಗಿ ನಿಂತಾಗ, “ಇನ್ನೊಂದು ದಾರಿ ಐತಿ, ತಡೀರಿ” ಎಂದು ಹೇಳಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಆ ಸಾಲಿನಲ್ಲಿ ಇರಲೇಬೇಕು. ಅಂಥವರನ್ನು ತಯಾರು ಮಾಡುವುದಕ್ಕಿಂತ ಹೆಚ್ಚಿನ ಕೆಲಸ ಶಾಲೆಗೆ ಬೇರೆ ಏನಿದೆ?